ಬೆಳಗಿನ ಸೊಪ್ಪಿನಿಂದ ಸಂಜೆಯ ಸೊಪ್ಪಿನವರೆಗೆ

ಎರಡು ವಿಮಾನ ನಿಲ್ದಾಣಗಳ ಹೆಸರು ಹೊಡೆದರೆ ಸಾಕು, ನಡುವೆ ಎಷ್ಟು ದೂರ, ಹಾರುವುದಕ್ಕೆ ಎಷ್ಟು ಹೊತ್ತು ಎಂದು ಹೇಳುವ ಪುಟವೊಂದು ಫೋನಿನಲ್ಲಿ ಸಿಗುತ್ತದೆ. ಬೆಂಗಳೂರು, ಲಂಡನ್ ಎಂದು ಹೊಡೆದರೆ ಎಂಟು ಸಾವಿರ ಕಿಲೋಮೀಟರ್, ಹತ್ತೂವರೆ ಗಂಟೆ ಎನ್ನುತ್ತದೆ. ಕೆಳಗೆ ಒಂದು ಭೂಪಟ, ಅದರ ಮೇಲೆ ಬಿಲ್ಲಿನ ಹಾಗೆ ಬಾಗಿದ ಒಂದು ಗೆರೆ. ನನಗೆ ಆ ಗೆರೆ ಕಂಡರೆ ಮೈಯೆಲ್ಲ ಉರಿಯುತ್ತದೆ. ಅದರ ಮೇಲೆ ಒಂದು ಊರಿಲ್ಲ, ಒಂದು ಟೀ ಅಂಗಡಿಯಿಲ್ಲ, ಇಳಿದು ವಾಪಸ್ಸು ಬರೋಣ ಎಂದರೆ ಒಂದು ಸ್ಟಾಪಿಲ್ಲ. ನಮ್ಮ ಸಾತನೂರಿನಿಂದ ಕನಕಪುರಕ್ಕೆ ಹೋಗುವ ಸರ್ಕಾರಿ ಬಸ್ಸಾದರೂ ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುತ್ತದೆ. ಹಾಗಿದ್ದರೂ ವಾರಕ್ಕೊಮ್ಮೆಯಾದರೂ ಆ ಪುಟ ತೆಗೆದು ನೋಡುತ್ತೇನೆ. ದೂರ ಏನಾದರೂ ಕಡಿಮೆಯಾಗಿರುತ್ತದೆಯೇ? ಹುಚ್ಚು ಅನ್ನುವುದು ನನಗೂ ಗೊತ್ತು.

ಸಾತನೂರಿನ ಆಚೆಗೆ ನಮ್ಮದೊಂದು ಸಣ್ಣ ಊರು. ಅವ್ವ, ನಾನು, ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆ ಹುಳದ ಮನೆ. ನಾನು ಕನಕಪುರದಲ್ಲಿ ಬಿ.ಎ. ಮುಗಿಸಿದವಳು. ಓದಿದವಳು ಹುಳ ಸಾಕುತ್ತಾಳೆ ಎಂದು ಆಡಿಕೊಳ್ಳುವವರು ಇದ್ದರು. ನಿಮ್ಮ ಮನೆ ಹುಳಕ್ಕೆ ರೋಗ ಬಂದಾಗ ಔಷಧಿ ಡಬ್ಬಿಯ ಮೇಲಿನ ಇಂಗ್ಲಿಷ್ ಓದಿಸಲು ಯಾರ ಹತ್ತಿರ ಓಡಿ ಬರುತ್ತೀರಿ ಎಂದು ಕೇಳಿದ ಮೇಲೆ ಸುಮ್ಮನಾದರು. ಗಂಡನ ಮನೆ ನನಗೆ ಒಗ್ಗಲಿಲ್ಲ, ಅದು ಬೇರೆ ಕಥೆ. ಬಾಯಿ ಜೋರು ಎಂದು ಅವರು ಕಳಿಸಿದರೋ, ಕೈ ಜೋರು ಎಂದು ನಾನೇ ಬಿಟ್ಟು ಬಂದೆನೋ, ಈಗ ಯಾರಿಗೆ ಬೇಕು. ಬಂದ ಮೇಲೆ ಹುಳದ ಮನೆಯ ಕೆಲಸ ಹಿಡಿದೆ, ಬಿಡಲಿಲ್ಲ.

ನನಗೊಬ್ಬಳು ತಂಗಿಯಿದ್ದಳು. ಚನ್ನಪಟ್ಟಣದ ಕಡೆ, ವಿರೂಪಾಕ್ಷಿಪುರದ ಹತ್ತಿರಕ್ಕೆ ಕೊಟ್ಟಿದ್ದೆವು. ಗಂಡ ಆಸ್ಪತ್ರೆಯಲ್ಲಿ ನರ್ಸು. ಗಂಡಸು ನರ್ಸೇ ಎಂದು ನಮ್ಮವರೆಲ್ಲ ಮೂಗು ಮುರಿದಿದ್ದರು. ತಂಗಿಗೆ ಕಾಯಿಲೆ ಬಂದಾಗ ಅವಳ ಮೈ ಒರೆಸಿ, ತಲೆ ಬಾಚಿ, ಬಟ್ಟೆ ಬದಲಿಸಿ ತಾಯಿಯ ಹಾಗೆ ನೋಡಿಕೊಂಡವನು ಅವನೇ. ಆದರೂ ಅವಳು ಉಳಿಯಲಿಲ್ಲ. ಮಗುವಿಗೆ ಆಗ ಒಂದೂವರೆ ವರ್ಷ. ಮಣ್ಣು ಮಾಡಿ ಬಂದ ದಿನ ಆ ಮಗು ನನ್ನ ಸೆರಗು ಹಿಡಿದುಕೊಂಡು ನಿದ್ದೆ ಹೋಯಿತು. ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಹಾಗೇ ಎತ್ತಿಕೊಂಡು ನಮ್ಮೂರಿಗೆ ಬಂದೆ. ಅವನು ಸ್ವಲ್ಪ ದಿನ ನೋಡಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ.

ಮಗು ನನ್ನನ್ನು ದೊಡ್ಡವ್ವ ಎಂದಿತು. ಅವ್ವ ಎನ್ನಲಿ ಎಂದು ನಾನು ಕಲಿಸಲಿಲ್ಲ. ಅವ್ವ ಅನ್ನುವ ಮಾತು ತಂಗಿಯದು, ಅದನ್ನು ಕಿತ್ತುಕೊಳ್ಳಬಾರದು ಎಂದುಕೊಂಡಿದ್ದೆ. ಆದರೆ ಜಡೆ ಹಾಕಿದವಳು ನಾನು, ವಾಂತಿ ಬಾಚಿದವಳು ನಾನು, ಅಂಗನವಾಡಿಯ ಬಾಗಿಲಲ್ಲಿ ಅವಳು ಅತ್ತಾಗ ಹೊರಗೆ ನಿಂತು ಅತ್ತವಳೂ ನಾನು. ಸಂಬಂಧಕ್ಕೆ ಹೆಸರು ಏನಿದ್ದರೇನು?

ಹುಳದ ಮನೆಯಲ್ಲೇ ಅವಳು ಬೆಳೆದಳು. ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ರೇಷ್ಮೆ ಹುಳ ಬೆಳೆಯುತ್ತ ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ, ಅಲ್ಲಾಡುವುದಿಲ್ಲ. ತಲೆಯನ್ನು ಮೇಲಕ್ಕೆತ್ತಿಕೊಂಡು ಒಂದು ಹಗಲು ಒಂದು ರಾತ್ರಿ, ಕೆಲವು ಸಲ ಅದಕ್ಕಿಂತ ಹೆಚ್ಚು, ಕೂತಲ್ಲೇ ಕೂತಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳವನ್ನು ಯಾರೂ ಮುಟ್ಟುವ ಹಾಗಿಲ್ಲ. ಸುಣ್ಣದ ಪುಡಿ ಉದುರಿಸಿ ಹೊರಗೆ ಬಂದುಬಿಡಬೇಕು. ಮುಟ್ಟಿದರೆ ಪೊರೆ ಸರಿಯಾಗಿ ಬಿಡದೆ ಹುಳ ಕೆಡುತ್ತದೆ. ಎದ್ದ ಮೇಲೆ ಹಾಕುವ ಮೊದಲ ಸೊಪ್ಪು ಮಾತ್ರ ನನ್ನ ಕೈಯಿಂದಲೇ ಆಗಬೇಕು ಎಂದು ಅವ್ವನ ಹಟ. ನನ್ನ ಕೈಗುಣ ಒಳ್ಳೆಯದಂತೆ. ನಾನು ಮೊದಲ ಸೊಪ್ಪು ಹಾಕಿದ ಬೆಳೆ ಒಂದೂ ಕೆಟ್ಟಿಲ್ಲವಂತೆ. ಗಂಡನ ಮನೆಯಲ್ಲಿ ಈ ಕೈಗುಣ ಎಲ್ಲಿ ಹೋಗಿತ್ತೋ ಎಂದು ನಾನು ನಗುತ್ತಿದ್ದೆ. ಮಗುವಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಹುಳ ಸಾಕುವ ತಟ್ಟೆಗಳ ಅಂಚಿಗೆ ಗಲ್ಲ ಊರಿಕೊಂಡು, ಯಾವ ಹುಳ ಎದ್ದಿದೆ, ಯಾವುದು ಕೂತಿದೆ ಎಂದು ನೋಡುವುದು ಅವಳ ಕೆಲಸ. ಎಲ್ಲವೂ ಎದ್ದ ಮೇಲೆ ಓಡಿ ಬಂದು ನನ್ನ ಕೈ ಹಿಡಿದು ಎಳೆಯುತ್ತಿದ್ದಳು. ಅವ್ವ ಸೊಪ್ಪು ಹಿಡಿದು ಎದುರಿಗೆ ನಿಂತಿದ್ದರೂ ಬಿಡುತ್ತಿರಲಿಲ್ಲ, ದೊಡ್ಡವ್ವನೇ ಹಾಕಬೇಕು.

ಅವಳಿಗೆ ಆರು ತುಂಬಿದ ವರ್ಷ ತಂಗಿಯ ಗಂಡ ಫೋನು ಮಾಡಿದ. ಅಲ್ಲಿ ಒಬ್ಬಳನ್ನು ಮದುವೆಯಾಗಿದ್ದ. ಅವಳೂ ನರ್ಸು, ನಮ್ಮ ರಾಜ್ಯದವಳೇ. ಮನೆ ಮಾಡಿದ್ದಾರೆ, ಮಗುವಿನ ವೀಸಾಕ್ಕೆ ಹಾಕಿದ್ದಾನೆ, ಕರೆದುಕೊಂಡು ಹೋಗುತ್ತೇನೆ ಎಂದ. ನಾನು ಜಗಳಕ್ಕೆ ಸೀರೆ ಎತ್ತಿ ಕಟ್ಟಿದೆ. ಇಷ್ಟು ವರ್ಷ ಎಲ್ಲಿ ಹೋಗಿದ್ದೆ ಎಂದು ಕೇಳಲು ಹೊರಟರೆ, ತಿಂಗಳು ತಪ್ಪದೆ ಫೋನಿನಲ್ಲಿ ಮಗುವಿನ ಮುಖ ನೋಡಿ ಕಣ್ಣು ಒರೆಸಿಕೊಂಡವನು ಅವನು. ಹೊಸ ಹೆಂಡತಿಯಲ್ಲಿ ಹುಳುಕು ಹುಡುಕೋಣವೆಂದರೆ, ಅವಳೇ ಫೋನಿಗೆ ಬಂದು, ಮಗುವಿಗೆ ಯಾವ ಸಾರು ಇಷ್ಟ, ಕತ್ತಲೆಗೆ ಹೆದರುತ್ತಾಳಾ, ನಾನು ಏನು ಕಲಿತುಕೊಳ್ಳಬೇಕು ಅಕ್ಕ ಎಂದು ಕೇಳಿದಳು. ಬೈಯುವುದಕ್ಕೆ ಒಬ್ಬರಾದರೂ ಕೆಟ್ಟವರಿರಬೇಕಿತ್ತು. ಇರಲಿಲ್ಲ. ಅಪ್ಪನ ಹತ್ತಿರ ಮಗಳು ಹೋಗುವುದು ನ್ಯಾಯ, ಎಲ್ಲರೂ ಹಾಗೇ ಅಂದರು, ನಾನೂ ಹಾಗೇ ಅಂದೆ. ನ್ಯಾಯಕ್ಕೆ ಇಷ್ಟು ನೋವು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಗುವಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳಿಗೆ ಚೆನ್ನಾಗಿ ಗೊತ್ತಿದ್ದ ದೂರದ ಜಾಗ ಎಂದರೆ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟು. ಗೂಡು ಮಾರಲು ಹೋದಾಗ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೆ. ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿ ಬರುತ್ತಿದ್ದಳು. ಲಂಡನ್ ರಾಮನಗರಕ್ಕಿಂತ ದೂರವಾ ಎಂದು ಕೇಳಿದಳು. ಹೌದು ಎಂದೆ. ಮಾಗಡಿಗಿಂತ? ಒಂದು ಸಲ ನೆಂಟರ ಜೊತೆ ಹೋಗಿ ಸಾವನದುರ್ಗದ ಬುಡದಲ್ಲಿ ಬುತ್ತಿ ಬಿಚ್ಚಿ ತಿಂದು ಬಂದಿದ್ದೆವು, ಅದನ್ನು ಮರೆತಿರಲಿಲ್ಲ. ಅದಕ್ಕಿಂತಲೂ ದೂರ ಎಂದೆ. ಫೋನಿನ ಪುಟ ತೆಗೆದು ಬಾಗಿದ ಗೆರೆ ತೋರಿಸಿದೆ. ಎಂಟು ಸಾವಿರ, ಹತ್ತೂವರೆ ಎಂದೆಲ್ಲ ಓದಿ ಹೇಳಿದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಆರು ವರ್ಷದ ಮಗುವಿಗೆ ಸಾವಿರ ಅಂದರೇನು, ನೂರು ಅಂದರೇನು.

ಸೊಪ್ಪು ಕತ್ತರಿಸುತ್ತ ಕೂತಿದ್ದ ಅವ್ವ ನನ್ನ ಫೋನು ನೋಡಿ ತುಟಿ ವಾರೆ ಮಾಡಿದಳು. ಬೆಳಗಿನ ಸೊಪ್ಪು ಹಾಕುವಾಗ ವಿಮಾನ ಹತ್ತಿದರೆ ಸಂಜೆ ಸೊಪ್ಪು ಹಾಕುವ ಹೊತ್ತಿಗೆ ಇಳಿಯುತ್ತೀಯ, ಅಷ್ಟೇ ದೂರ ಎಂದಳು. ಮಗುವಿನ ಕಣ್ಣು ತಕ್ಷಣ ಅರಳಿತು. ಬೆಳಗಿನ ಸೊಪ್ಪಿಗೂ ಸಂಜೆಯ ಸೊಪ್ಪಿಗೂ ನಡುವೆ ಎಷ್ಟು ಆಟ, ಎಷ್ಟು ನಿದ್ದೆ, ಎಷ್ಟು ಹಸಿವು ಎಂದು ಅವಳಿಗೆ ಮೈಗೆಲ್ಲ ಗೊತ್ತಿತ್ತು. ಅರ್ಥವಾದ ಮೇಲೆಯೇ ಹೆದರಿಕೆ ಶುರುವಾದದ್ದು. ಅಷ್ಟು ಹೊತ್ತು ಒಂದೇ ಕಡೆ ಹೇಗೆ ಕೂರುವುದು? ಮೇಲಿಂದ ಬಿದ್ದುಹೋದರೆ? ದೊಡ್ಡವ್ವ ಇಲ್ಲದೆ ಅಳು ಬಂದರೆ? ದಿನವೂ ಅದೇ ಪ್ರಶ್ನೆ, ರಾತ್ರಿ ಹಾಸಿಗೆ ಒದ್ದೆ. ಉತ್ತರ ಕೊಟ್ಟವಳು ಅವ್ವ.

"ಹುಳ ಜ್ವರಕ್ಕೆ ಕೂತ್ಕತದಲ್ಲ, ನೀನೂ ಹಂಗೇ ಕೂತ್ಕೊ ಮಗ," ಎಂದಳು. "ತಲೆ ಎತ್ಕೊಂಡು ಸುಮ್ಕೆ ಕೂತ್ಕಂಡ್ರೆ ಏನೂ ಆಗಕಿಲ್ಲ. ಏಳೋ ಹೊತ್ಗೆ ನಿಮ್ಮಪ್ಪನ ಊರು ಬಂದ್ಬುಟ್ಟಿರ್ತದೆ."

ಆಗ ಯಾರೂ ಮುಟ್ಟುವ ಹಾಗಿಲ್ಲ ಅಲ್ವಾ ಎಂದು ಮಗು ಕೇಳಿತು. ಊಂ, ಯಾರೂ ಮುಟ್ಟುವ ಹಾಗಿಲ್ಲ ಎಂದು ಅವ್ವ ಕೈಯ ಕೆಲಸ ಬಿಡದೆ ಹೇಳಿದಳು. ನಾನು ಅಲ್ಲೇ ಇದ್ದೆ. ನಗು ಬಂತು. ಆ ರಾತ್ರಿ ಹಾಸಿಗೆ ಒದ್ದೆಯಾಗಲಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ತಂಗಿಯ ಗಂಡ ಬಂದು ಒಂದು ವಾರ ನಮ್ಮ ಮನೆಯಲ್ಲಿದ್ದ. ಮಗು ಅವನನ್ನು ಫೋನಿನಲ್ಲಿ ಕಂಡಿತ್ತೇ ಹೊರತು ಹತ್ತಿರ ಹೋಗುತ್ತಿರಲಿಲ್ಲ. ಅವನು ಅವಸರ ಮಾಡಲಿಲ್ಲ. ದೂರದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ, ಅವಳು ಹೇಳಿದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಕೈ ತೊಳೆದು ಹುಳದ ಮನೆಗೆ ಬರುತ್ತಿದ್ದ. ಅವನು ಅವಳ ಅಪ್ಪಣೆ ಪಾಲಿಸುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು, ಸಮಾಧಾನವೂ ಆಗುತ್ತಿತ್ತು. ಎರಡೂ ಒಟ್ಟಿಗೆ ಆಗುವುದು ಹೇಗೆ ಎಂದು ಕೇಳಬೇಡಿ.

ಹೊರಡುವ ದಿನ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಸೊಪ್ಪು ಹಾಕುವ ಕೆಲಸವಿಲ್ಲವಾದ್ದರಿಂದ ನಾನು, ಅವ್ವ ಇಬ್ಬರೂ ಮನೆ ಬಿಟ್ಟು ಹೋಗುವ ಹಾಗಾಯಿತು. ದೇವರೇ ಅನುಕೂಲ ಮಾಡಿಕೊಟ್ಟ ಎಂದು ಅವ್ವ ಕೈ ಮುಗಿದಳು. ಪಕ್ಕದ ಮನೆಯವರಿಗೆ ಹಸು ಒಪ್ಪಿಸಿ, ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿದು, ಬೆಳಗಾಗುವ ಹೊತ್ತಿಗೆ ಕಾರಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಿದೆವು.

ನಾನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿದ್ದೆ. ದಾರಿಯಲ್ಲಿ ಅಳಬಾರದು, ಕಾರಿನಲ್ಲಿ ಅಪ್ಪಿಕೊಳ್ಳಬಾರದು, ಅಪ್ಪಿಕೊಂಡರೆ ಬಿಡುವುದಕ್ಕಾಗುವುದಿಲ್ಲ. ಎಲ್ಲವನ್ನೂ ಕೊನೆಗೆ ಇಟ್ಟುಕೊಳ್ಳಬೇಕು. ನಿಲ್ದಾಣದ ಬಾಗಿಲ ಹತ್ತಿರ ಒಂದೇ ಸಲ, ಗಟ್ಟಿಯಾಗಿ, ಅವಳ ತಲೆಯ ಎಣ್ಣೆ ವಾಸನೆ ಮೂಗಿಗೆ ಬರುವ ಹಾಗೆ ಅಪ್ಪಿಕೊಂಡು ಕಳಿಸಬೇಕು. ಆಮೇಲೆ ವರ್ಷಗಟ್ಟಲೆ ಆ ಒಂದು ಅಪ್ಪುಗೆಯಲ್ಲಿ ಕಾಲ ಹಾಕಬಹುದು. ಹಬ್ಬಕ್ಕೆಂದು ಬೆಲ್ಲ ಎತ್ತಿಡುವ ಹಾಗೆ ಎತ್ತಿಟ್ಟುಕೊಂಡಿದ್ದೆ ಅದನ್ನು.

ಬಾಗಿಲಲ್ಲಿ ಪೊಲೀಸಿನವರು ಟಿಕೆಟ್ಟು, ಪಾಸ್‌ಪೋರ್ಟು ನೋಡಿ ಒಳಗೆ ಬಿಡುತ್ತಿದ್ದರು. ಟಿಕೆಟ್ಟಿಲ್ಲದವರು ಅಲ್ಲೇ ನಿಲ್ಲಬೇಕು. ತಂಗಿಯ ಗಂಡ ಅವ್ವನ ಕಾಲು ಮುಟ್ಟಿದ, ನನ್ನ ಕಾಲಿಗೂ ಬಗ್ಗಿದ. ನಾನು ಮಂಡಿ ಊರಿ ಮಗುವಿನ ಕಡೆ ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಕುತ್ತಿಗೆ ನೆಟ್ಟಗೆ, ಗಲ್ಲ ಮೇಲಕ್ಕೆ, ಎರಡು ಕೈಯನ್ನೂ ಎದೆಗೆ ಒತ್ತಿಕೊಂಡಿದ್ದಳು. ತುಟಿ ಮಾತ್ರ ನಡುಗುತ್ತಿತ್ತು.

"ಮುಟ್ಬ್ಯಾಡ ದೊಡ್ಡವ್ವ," ಎಂದಳು. "ನಾನು ಜ್ವರಕ್ಕೆ ಕೂತಿವ್ನಿ."

ನನ್ನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಮುಟ್ಟಬಹುದು ಮಗ, ಅದೆಲ್ಲ ಅಜ್ಜಿ ತಮಾಷೆಗೆ ಹೇಳಿದ್ದು ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಒಂದು ನಂಬಿಕೆಯ ಮೇಲೆಯೇ ಅವಳು ನಿಂತಿದ್ದಾಳೆ ಎಂದು ಕಾಣುತ್ತಿತ್ತು. ಅದನ್ನು ಎಳೆದರೆ ಅವಳು ಅಲ್ಲೇ ಕುಸಿಯುತ್ತಾಳೆ, ಆಮೇಲೆ ಆ ಹತ್ತೂವರೆ ಗಂಟೆ ಅವಳಿಗೆ ಆಸರೆಯೇ ಇರುವುದಿಲ್ಲ. ಅವಳು ನನ್ನನ್ನು ಬೇಡ ಎನ್ನುತ್ತಿರಲಿಲ್ಲ. ಕೆಡದ ಹಾಗೆ ತನ್ನನ್ನು ಕಾಪಾಡಿಕೊಳ್ಳುತ್ತಿದ್ದಳು, ನಾವೇ ಕಲಿಸಿದ ಹಾಗೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಸರಿ ಮಗ, ಮುಟ್ಟಲ್ಲ ಎಂದೆ.

ಅವಳು ಅಪ್ಪನ ಕೈಯನ್ನೂ ಹಿಡಿಯಲಿಲ್ಲ. ಅವನ ಬ್ಯಾಗಿನ ಪಟ್ಟಿ ಹಿಡಿದುಕೊಂಡು, ತಲೆ ಎತ್ತಿಕೊಂಡು ಒಳಗೆ ಹೋದಳು. ತಿರುಗಿ ನೋಡಲಿಲ್ಲ, ಜ್ವರಕ್ಕೆ ಕೂತ ಹುಳ ಅತ್ತ ಇತ್ತ ನೋಡುವುದಿಲ್ಲ. ನಾನು ಹಾಕಿದ ಜಡೆ, ಕೆಂಪು ರಿಬ್ಬನ್ನು, ಗಾಜಿನ ಆಚೆ ಸ್ವಲ್ಪ ಹೊತ್ತು ಕಂಡು, ಆಮೇಲೆ ಜನರ ನಡುವೆ ಕಾಣಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಅವ್ವನ ಮೇಲೆ ಹರಿಹಾಯ್ದೆ. ನಿನಗೆ ಏನು ಹೇಳಬೇಕು ಏನು ಹೇಳಬಾರದು ಅನ್ನುವುದು ಈ ವಯಸ್ಸಿಗೂ ತಿಳಿಯಲಿಲ್ಲವಾ, ನನ್ನ ಮಗುವನ್ನು ಒಂದು ಸಲ ಎದೆಗೆ ಒತ್ತಿಕೊಳ್ಳುವುದಕ್ಕೂ ಇಲ್ಲದ ಹಾಗೆ ಮಾಡಿದೆಯಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ. ಅವ್ವ ಕನಕಪುರ ದಾಟುವವರೆಗೂ ಕಿಟಕಿಯ ಆಚೆಯೇ ನೋಡುತ್ತಿದ್ದಳು. ಆಮೇಲೆ, ನನ್ನನ್ನೂ ಮುಟ್ಟಿಸಿಕೊಳ್ಳಲಿಲ್ಲ ಕಣೆ ಎಂದಳು. ಅವಳೂ ಕೈ ಚಾಚಿದ್ದಳು ಅನ್ನುವುದು ನನಗೆ ಆಗ ಗೊತ್ತಾಯಿತು. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಸಾತನೂರಿನವರೆಗೂ ಅತ್ತೆವು.

ಮನೆಗೆ ಬಂದು ಹುಳ ನೋಡಿದರೆ ಇನ್ನೂ ಕೂತೇ ಇದ್ದವು. ಮಾಡುವುದಕ್ಕೆ ಕೆಲಸವಿರಲಿಲ್ಲ. ಕೆಲಸವಿದ್ದಿದ್ದರೆ ಹೇಗೋ ಹೊತ್ತು ಹೋಗುತ್ತಿತ್ತು. ಫೋನು ತೆಗೆದು ಆ ಪುಟ ನೋಡಿದೆ, ಗೆರೆ ಅದೇ ಗೆರೆ. ಈಗ ಯಾವುದೋ ಸಮುದ್ರದ ಮೇಲಿರಬೇಕು, ಈಗ ಯಾವುದೋ ಮರಳುಗಾಡಿನ ಮೇಲಿರಬೇಕು, ತಲೆ ಎತ್ತಿಕೊಂಡು ಕೂತಿರಬೇಕು. ಕುತ್ತಿಗೆ ನೋಯುತ್ತಿಲ್ಲವೇ? ಹಸಿವಾಗುತ್ತಿಲ್ಲವೇ? ಬೆಳಿಗ್ಗೆಯಿಂದ ನಾನೂ ಏನೂ ತಿಂದಿರಲಿಲ್ಲ. ಅವ್ವ ಮುದ್ದೆ ತಂದಿಟ್ಟಳು, ಅದು ಅಲ್ಲೇ ಆರಿತು.

ಸಂಜೆ ಹಸು ಕರೆಯುವ ಹೊತ್ತಿಗೆ ಹುಳ ಒಂದೊಂದಾಗಿ ಎದ್ದವು. ಗಲ್ಲ ಊರಿಕೊಂಡು ನೋಡಿ ಬಂದು ಹೇಳುವವರಿಲ್ಲದೆ ಅವ್ವನೇ ಬಗ್ಗಿ ನೋಡಿ ಬಂದಳು. ದೀಪ ಹಚ್ಚಿದ ಮೇಲೆ ನಾನು ಕೈ ತೊಳೆದು, ಅವ್ವ ಸೊಪ್ಪಿನ ಮಂಕರಿ ಹೊತ್ತು, ಹುಳದ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ತಂಗಿಯ ಗಂಡ. ಆ ಕಡೆ ಗದ್ದಲ, ಚಕ್ರದ ಪೆಟ್ಟಿಗೆಗಳ ಸದ್ದು.

ಇಳಿದಿದ್ದೇವೆ ಎಂದ. ದಾರಿಯುದ್ದಕ್ಕೂ ಒಂದು ತೊಟ್ಟು ನೀರೂ ಕುಡಿದಿಲ್ಲ ಅಕ್ಕ, ಕೊಟ್ಟ ಊಟ ಹಾಗೇ ಇಟ್ಟಳು, ತಲೆ ಎತ್ತಿಕೊಂಡೇ ಕೂತಿದ್ದಳು, ಮುಟ್ಟುವುದಕ್ಕೂ ಬಿಡಲಿಲ್ಲ, ಈಗಲೂ ಏನು ಕೊಟ್ಟರೂ ಬಾಯಿ ಬಿಡುತ್ತಿಲ್ಲ ಎಂದ. ಅವನು ಅಳುತ್ತಿದ್ದ. ಎಷ್ಟೋ ಜನ ರೋಗಿಗಳಿಗೆ ತುತ್ತು ತಿನ್ನಿಸಿದವನಿಗೆ ತನ್ನ ಮಗಳಿಗೆ ತಿನ್ನಿಸುವುದಕ್ಕಾಗುತ್ತಿರಲಿಲ್ಲ. ನೀವೇ ಒಂದು ಮಾತು ಹೇಳಿ ಎಂದು ಫೋನು ಅವಳಿಗೆ ಕೊಟ್ಟ.

"ದೊಡ್ಡವ್ವ, ಹುಳ ಎದ್ವಾ?"

"ಎದ್ವು ಮಗ."

"ನಾನೂ ಎದ್ದೆ," ಎಂದಳು. ದನಿ ಒಣಗಿಹೋಗಿತ್ತು. "ಸೊಪ್ಪು ಹಾಕ್ಬಾ."

ಅವಳು ಕಾಯುತ್ತಿದ್ದದ್ದು ಅದಕ್ಕೆ. ಎದ್ದ ಮೇಲೆ ಮೊದಲ ಸೊಪ್ಪು ದೊಡ್ಡವ್ವನದೇ. ಬೇರೆ ಕೈ ಆಗುವುದಿಲ್ಲ. ಬತ್ತೀನಿ ಎಂದುಬಿಡಲೇ? ಎಂದುಬಿಟ್ಟರೆ ಅವಳು ಅಲ್ಲೇ ಕಾಯುತ್ತಾಳೆ, ಬಾಯಿ ಬಿಗಿದುಕೊಂಡು, ಎಷ್ಟು ಹೊತ್ತಾದರೂ. ಅವಳು ನನ್ನವಳು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿರಲಿಲ್ಲ. ಅದನ್ನೇ ಈಗ ನನ್ನ ಬಾಯಿಂದಲೇ ಬಿಟ್ಟುಕೊಡಬೇಕಿತ್ತು. ಮಂಕರಿ ಹೊತ್ತ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮಪ್ಪನ ಕೈಲಿ ಹಾಕುಸ್ಕೊ ಮಗ," ಎಂದೆ.

"ಅಪ್ಪನ ಕೈ ಆಯ್ತದಾ?"

"ಆಯ್ತದೆ. ಒಳ್ಳೆ ಕೈ ಅದು."

"ನಿಂದ್ಕಿಂತ್ಲಾ?"

ತಂಗಿಯ ಮೈ ಒರೆಸಿದ ಕೈ, ತಲೆ ಬಾಚಿದ ಕೈ ನೆನಪಾಯಿತು. "ನಂದ್ಕಿಂತ ಒಳ್ಳೇದು ಕಣವ್ವ," ಎಂದೆ.

ಯೋಚಿಸುವಾಗ ಅವಳು ಮೂಗಿನಲ್ಲಿ ಉಸಿರು ಬಿಡುವ ಸದ್ದು ನನಗೆ ಗೊತ್ತು, ಅದು ಕೇಳುತ್ತಿತ್ತು. ಆಮೇಲೆ ಫೋನು ಎಲ್ಲೋ ಇಟ್ಟ ಸದ್ದು, ಬಿಸ್ಕತ್ತಿನ ಪೊಟ್ಟಣ ಹರಿದ ಸದ್ದು. ಆಮೇಲೆ ಅವಳು ಕಚ್ಚಿ ಅಗಿಯುವುದು ಕೇಳಿಸಿತು, ಎದ್ದ ಹುಳ ಎಲೆ ಕಡಿಯುವಷ್ಟೇ ಮೆಲ್ಲಗೆ. ಅಷ್ಟು ದೂರದಿಂದ ಅಷ್ಟು ಸಣ್ಣ ಸದ್ದು.

ಅಗಿಯುವುದು ನಿಂತಿತು. ಅವಳು ಮಾತಾಡಿದಳು, ನನ್ನ ಹತ್ತಿರ ಅಲ್ಲ.

"ಅಪ್ಪ, ಈಗ ಮುಟ್ಬೋದು."

ಅವನು ಬಿಕ್ಕಿದ ಸದ್ದು ಕೇಳಿತು. ಫೋನು ನಿಲ್ಲಿಸುವುದನ್ನು ಅವರಿಬ್ಬರೂ ಮರೆತಿದ್ದರು, ನಾನೇ ನಿಲ್ಲಿಸಿದೆ. ಅವ್ವ ಮಂಕರಿಯನ್ನು ನನ್ನ ಕಡೆ ಚಾಚಿದಳು. ನನ್ನ ಕೈ ಏಳಲಿಲ್ಲ. ಆ ಸಂಜೆ ಮೊದಲ ಸೊಪ್ಪನ್ನು ಅವ್ವನೇ ಹಾಕಿದಳು.